ಸತ್ತವರ ಹೆಸರಿನ ಕಂದಾಯ ರಸೀದಿ

ಲಂಡನ್ನಿನ ಕ್ರಾಯ್ಡನ್ನಿನಲ್ಲಿ ನಮ್ಮ ಪಕ್ಕದ ಮನೆಯವರು ನಿವೃತ್ತ ಸರ್ಕಾರಿ ನೌಕರರು. 1975ರಿಂದ 2011ರವರೆಗೆ, 36 ವರ್ಷ, ಜನ ಕೊಟ್ಟ ಅರ್ಜಿಗಳನ್ನು ಪರಿಶೀಲಿಸಿ ಟಿಪ್ಪಣಿ ಬರೆಯುವ ಕೆಲಸ ಮಾಡಿದವರು. ಹುಟ್ಟಿದ್ದು 1951ರಲ್ಲಿ, ಜಮೈಕಾದಲ್ಲಿ. ನಮ್ಮ ಮನೆಯಲ್ಲಿ ಅವರಿಗೆ ಸಾಹೇಬರು ಅಂತಲೇ ಹೆಸರು. ನಾವು ಬಂದ ಮೊದಲ ವಾರ ಕಸದ ಡಬ್ಬಿ ಯಾವ ದಿನ ಹೊರಗಿಡಬೇಕು ಅಂತ ಒಂದು ಕಾಗದದಲ್ಲಿ ಬರೆದು, ಕೆಳಗೆ ಸಹಿ ಹಾಕಿ, ತಾರೀಕು ಸಮೇತ ತಂದುಕೊಟ್ಟಿದ್ದರು. ಹೆಸರಿಟ್ಟದ್ದು ನನ್ನ ಹೆಂಡತಿ.

ಅವರು ತಮ್ಮ ವಂಶದ ಮೂಲ ಹುಡುಕಿದ ಕಥೆ ಇದು. ಕೈಬರಹ ಓದುವುದಕ್ಕೆ, ಲ್ಯಾಪ್‌ಟಾಪ್ ಹಿಡಿದು ಕೂರುವುದಕ್ಕೆ ನಾನು ಜೊತೆಗಿದ್ದೆ, ಅಷ್ಟೇ. ಕುಟುಂಬದವರ ಹೆಸರುಗಳನ್ನೂ ಎಸ್ಟೇಟಿನ ಹೆಸರನ್ನೂ ಇಲ್ಲಿ ಬರೆಯುವುದಿಲ್ಲ. ಜಮೈಕಾದಲ್ಲಿರುವ ಅವರ ಕುಟುಂಬದ ಜಮೀನಿನ ಮೇಲೆ ಹಕ್ಕಿರುವವರು ಕಿಂಗ್‌ಸ್ಟನ್‌ನಿಂದ ಟೊರಾಂಟೊವರೆಗೆ ಇದ್ದಾರೆ. ಎಲ್ಲರ ಒಪ್ಪಿಗೆ ಕೇಳುತ್ತಾ ಕೂರುವಷ್ಟು ತಾಳ್ಮೆ ಸಾಹೇಬರಿಗೂ ಇಲ್ಲ. ಅವರ ಮಾತನ್ನು ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ. ನಾನು ಪುತ್ತೂರಿನ ಕಡೆಯವನು, ಆ ವಾಸನೆ ಸ್ವಲ್ಪ ಬಂದರೆ ಸಹಿಸಿಕೊಳ್ಳಿ.

ಬಿಸ್ಕತ್ತಿನ ಡಬ್ಬಿ

ಶುರುವಾದದ್ದು 2018ರಲ್ಲಿ, ವಿಂಡ್‌ರಷ್ ಹಗರಣ ಪತ್ರಿಕೆಗಳಲ್ಲಿ ಬಂದಾಗ. ಚಿಕ್ಕಂದಿನಲ್ಲೇ ಜಮೈಕಾದಂಥ ಕೆರಿಬಿಯನ್ ದ್ವೀಪಗಳಿಂದ ಬಂದು ಐವತ್ತು ವರ್ಷ ಇಲ್ಲೇ ದುಡಿದವರಿಗೆ 'ನೀವು ಇಲ್ಲಿಯವರು ಅನ್ನುವುದಕ್ಕೆ ದಾಖಲೆ ತೋರಿಸಿ' ಅಂತ ಕೇಳಲಾಗಿತ್ತು. ಅವರು ಬಂದಿಳಿದಾಗಿನ ಲ್ಯಾಂಡಿಂಗ್ ಕಾರ್ಡುಗಳನ್ನು 2010ರಲ್ಲೇ ನಾಶ ಮಾಡಿದ್ದರು. ಸಾಹೇಬರಿಗೆ ತೊಂದರೆ ಏನೂ ಆಗಲಿಲ್ಲ. ಆದರೆ ಅಟ್ಟದಿಂದ ಬಿಸ್ಕತ್ತಿನ ಡಬ್ಬಿ ಕೆಳಗಿಳಿಯಿತು.

ಮೊದಲು ಸಿಕ್ಕಿದ್ದು ಅವರದೇ ಹೆಸರು. ಲಂಡನ್ನಿನ ಕ್ಯೂ ಎಂಬಲ್ಲಿ ಬ್ರಿಟನ್ನಿನ ರಾಷ್ಟ್ರೀಯ ದಾಖಲೆ ಸಂಗ್ರಹವಿದೆ. 1878ರಿಂದ 1960ರವರೆಗೆ ಹಡಗಿನಲ್ಲಿ ಬಂದವರ ಪಟ್ಟಿಗಳು ಅಲ್ಲಿವೆ, ಆನ್‌ಲೈನ್‌ನಲ್ಲೂ ನೋಡಬಹುದು. 1959ರ ಒಂದು ಪಟ್ಟಿಯಲ್ಲಿ ಇವರು: ವಯಸ್ಸು 8, ಹೋಗುವ ವಿಳಾಸ ಬ್ರಿಕ್ಸ್‌ಟನ್ನಿನ ಒಂದು ಬಾಡಿಗೆ ಕೋಣೆ. ಅಪ್ಪ ಅಮ್ಮ ಮೊದಲೇ ಬಂದಿದ್ದರು. ಅಲ್ಲಿಯವರೆಗೆ ಇವರನ್ನು ಸಾಕಿದ್ದು ಅಮ್ಮನ ಅಮ್ಮ. ಆ ಅಜ್ಜಿಗೆ ಇವರು ಒಮ್ಮೆ 'ನಿನ್ನ ಅಜ್ಜಿ ಯಾರು?' ಅಂತ ಕೇಳಿದ್ದರಂತೆ. ಅಜ್ಜಿ ಉತ್ತರ ಕೊಡದೆ ಜಮೀನಿನ ಮೂಲೆಯ ಗೋರಿಗಳತ್ತ ಗಲ್ಲ ತೋರಿಸಿದ್ದಳು. ಹುಡುಕಾಟದ ಪ್ರಶ್ನೆಯೂ ಅದೇ.

ಡಬ್ಬಿಯಲ್ಲಿದ್ದದ್ದು ಅಮ್ಮನ ಪಾಸ್‌ಪೋರ್ಟು, 1986ರಲ್ಲಿ ಅಜ್ಜಿಯ ಅಂತ್ಯಕ್ರಿಯೆಗೆ ಅಚ್ಚು ಹಾಕಿಸಿದ ಪುಟ್ಟ ಪುಸ್ತಿಕೆ, ಒಂದಷ್ಟು ಫೋಟೋ, ಆಮೇಲೆ ರಬ್ಬರ್ ಬ್ಯಾಂಡು ಹಾಕಿದ ಚೀಟಿಗಳು. ನಾನು ಫೋಟೋ ನೋಡುತ್ತಿದ್ದೆ. ಸಾಹೇಬರು ಚೀಟಿ ಬಿಡಿಸಿದರು. ಕಂದಾಯ ಕಟ್ಟಿದ ರಸೀದಿಗಳು. 1957ರದ್ದು ಒಂದು: ನಾಲ್ಕು ಮಡಿಕೆ, ಮಡಿಕೆಯ ಜಾಗದಲ್ಲಿ ಬೆಳಕು ಕಾಣುವಷ್ಟು ಸವೆದಿದೆ. ಸೇಂಟ್ ಮೇರಿ ಪ್ಯಾರಿಷ್ (ಪ್ಯಾರಿಷ್ ಅಂದರೆ ನಮ್ಮ ಜಿಲ್ಲೆಯ ಹಾಗೆ), ಜಮೀನಿರುವ ಜಾಗದ ಹೆಸರು, ಕಟ್ಟಿದ ಮೊತ್ತ. ಕಟ್ಟಬೇಕಾದವರ ಹೆಸರಿನ ಜಾಗದಲ್ಲಿ ಒಬ್ಬ ಹೆಂಗಸಿನ ಹೆಸರು. ಆ ಹೆಸರಿನವರು ಯಾರೂ ಮನೆಯಲ್ಲಿರಲಿಲ್ಲ. ಯಾರೂ ನೋಡಿಯೂ ಇರಲಿಲ್ಲ.

ನನಗೆ ನಗು ಬಂತು. ನಮ್ಮ ಅಜ್ಜ ತೀರಿಹೋಗಿ ಇಪ್ಪತ್ತು ವರ್ಷವಾದ ಮೇಲೂ ಪಹಣಿಯಲ್ಲಿ ಅವರೇ ಅಡಿಕೆ ಬೆಳೆಯುತ್ತಿದ್ದರು. ಪೌತಿ ಖಾತೆ ಮಾಡಿಸಲು ಯಾರಿಗೂ ಪುರುಸೊತ್ತಿರಲಿಲ್ಲ. ಸಾಹೇಬರಿಗೆ ಇದನ್ನು ಹೇಳಿದೆ. ಅವರು ನಗಲಿಲ್ಲ. "ನಿಮ್ಮದು ಸೋಮಾರಿತನ. ನಮ್ಮದು ಬೇಕಂತಲೇ ಮಾಡಿದ್ದು" ಅಂದರು.

ವಿಷಯ ಹೀಗೆ. ಜಮೈಕಾದಲ್ಲಿ 1838ರ ಆಗಸ್ಟ್ 1ಕ್ಕೆ ಗುಲಾಮಗಿರಿ ಪೂರ್ತಿ ಮುಗಿದ ಮೇಲೆ ಬಿಡುಗಡೆಯಾದವರು ಕೈಲಾದಷ್ಟು ದುಡ್ಡು ಕೂಡಿಸಿ ಸಣ್ಣ ಸಣ್ಣ ತುಂಡು ಜಮೀನು ಕೊಂಡರು. ಅದು ಒಬ್ಬರ ಆಸ್ತಿಯಲ್ಲ. ಕೊಂಡವರ ಮಕ್ಕಳು, ಮೊಮ್ಮಕ್ಕಳು, ಮದುವೆಯೊಳಗೆ ಹುಟ್ಟಿದವರು, ಹೊರಗೆ ಹುಟ್ಟಿದವರು, ಗಂಡು, ಹೆಣ್ಣು, ಎಲ್ಲರಿಗೂ ಸೇರಿದ್ದು. ಪಾಲು ಮಾಡುವಂತಿಲ್ಲ, ಮಾರುವಂತಿಲ್ಲ. ಮರದ ಹಣ್ಣು ಯಾರು ಬೇಕಾದರೂ ತಿನ್ನಬಹುದು. ಹಿರಿಯರ ಗೋರಿಗಳೂ ಅಲ್ಲೇ. ಅಲ್ಲಿನವರು ಅದಕ್ಕೆ 'ಫ್ಯಾಮಿಲಿ ಲ್ಯಾಂಡ್' ಅನ್ನುತ್ತಾರೆ. ಕೊಂಡವರ ಹೆಸರನ್ನು ದಾಖಲೆಯಲ್ಲಿ ಹಾಗೇ ಬಿಡುವುದು, ಯಾರಾದರೂ ಒಬ್ಬರು ಕಂದಾಯ ಕಟ್ಟುತ್ತಾ ಹೋಗುವುದು ರೂಢಿ. ಎಷ್ಟೋ ಮನೆಗಳಲ್ಲಿ ಆ ರಸೀದಿ ಬಿಟ್ಟರೆ ಜಮೀನು ತಮ್ಮದು ಅನ್ನಲು ಬೇರೆ ಕಾಗದವೇ ಇರುವುದಿಲ್ಲ.

ಮಗು ಹುಟ್ಟಿದರೆ ಹೊಕ್ಕುಳಬಳ್ಳಿಯನ್ನು ಆ ಮಣ್ಣಲ್ಲೇ ಹೂತು, ಮೇಲೊಂದು ಗಿಡ ನೆಡುತ್ತಾರೆ. ಸಾಹೇಬರದ್ದು ಬ್ರೆಡ್‌ಫ್ರೂಟ್ ಮರ. ಅಂದರೆ ನಮ್ಮ ಜೀಗುಜ್ಜೆ! ಎಸ್ಟೇಟುಗಳ ಗುಲಾಮರಿಗೆ ಅಗ್ಗದ ಊಟವಾಗಲಿ ಅಂತ 1793ರಲ್ಲಿ ಕ್ಯಾಪ್ಟನ್ ಬ್ಲೈ ಪೆಸಿಫಿಕ್ ದ್ವೀಪಗಳಿಂದ ಹಡಗಿನಲ್ಲಿ ತಂದ ಗಿಡ ಅದು. ಜೀಗುಜ್ಜೆ ಪೋಡಿಯ ರುಚಿಯನ್ನು ಅವರಿಗೆ ನಾನೇ ತೋರಿಸಿದ್ದು. ಅದೊಂದು ಹೆಮ್ಮೆ ನನಗಿದೆ.

ಹೆಸರಿಲ್ಲದ ಹೆಣ್ಣು ಮಗು

ಅಜ್ಜಿ ಹುಟ್ಟಿದ್ದು 1902ರಲ್ಲಿ. ಜಮೈಕಾದಲ್ಲಿ ಸರ್ಕಾರ ಜನನ ಮರಣ ನೋಂದಣಿ ಶುರು ಮಾಡಿದ್ದು 1878ರಲ್ಲಿ. ಹಾಗಾಗಿ ಸುಲಭವಾಗಿ ಸಿಗಬೇಕು, ಅಲ್ವಾ? ಸಿಗಲಿಲ್ಲ. ಜಮೈಕಾದವರಿಗೆ ಕರೆಯುವ ಹೆಸರು ಒಂದು, ಕಾಗದದ ಹೆಸರು ಇನ್ನೊಂದು. ಅಜ್ಜಿಯ ಕಾಗದದ ಹೆಸರು ಮೊಮ್ಮಗನಿಗೆ ಗೊತ್ತಾದದ್ದೇ ಅಂತ್ಯಕ್ರಿಯೆಯ ಪುಸ್ತಿಕೆಯಿಂದ. ಅದರಲ್ಲಿ ಹುಡುಕಿದರೂ ಇಲ್ಲ. ಕೊನೆಗೆ ಹೆಸರು ಬಿಟ್ಟು, ತಾರೀಕು ಮತ್ತು ತಾಯಿಯ ಹೆಸರು ಇಟ್ಟುಕೊಂಡು ಪುಟ ಪುಟ ನೋಡಿದಾಗ ಸಿಕ್ಕಿತು. ಹೆಸರಿನ ಕಾಲಂ ಖಾಲಿ. ಆಗ ಮೊದಲು ಜನನ ಬರೆಸಿ, ನಾಮಕರಣ ಆದ ಮೇಲೆ ಹೆಸರು ಸೇರಿಸಬಹುದಿತ್ತು. ಇಲ್ಲಿ ಸೇರಿಸಲು ಯಾರೂ ಹೋಗಿರಲಿಲ್ಲ. ತಂದೆಯ ಕಾಲಮ್ಮೂ ಖಾಲಿ, ತಾಯಿಗೆ ಮದುವೆಯಾಗಿರಲಿಲ್ಲ. ಮಾಹಿತಿ ಕೊಟ್ಟವರು ತಾಯಿ, ಸಹಿಯ ಜಾಗದಲ್ಲಿ ಒಂದು ಗುಣಿಸುವ ಗುರುತು.

ಸಾಹೇಬರ ಹತ್ತಿರ ಒಂದು ಮಾತಿದೆ. "ಯಾವ ಫಾರಮ್ಮೂ ನಿನಗೋಸ್ಕರ ಅಚ್ಚಾಗಿಲ್ಲ ಮಗಾ. ಯಾರಿಗೋಸ್ಕರ ಅಚ್ಚಾಯಿತು, ಅದನ್ನು ಮೊದಲು ನೋಡು." ಜನನ ರಿಜಿಸ್ಟರು ಸರ್ಕಾರಕ್ಕೆ ಎಣಿಕೆ ಸಿಗಲಿ ಅಂತ ಇರುವುದು. ಹೆಣ್ಣೊಂದು ಹುಟ್ಟಿತು ಅಂತ ಗೊತ್ತಾದರೆ ಅದರ ಕೆಲಸ ಮುಗಿಯಿತು.

ಅಜ್ಜಿಯ ತಾಯಿ 1876ರವಳು, ನೋಂದಣಿಗೆ ಎರಡು ವರ್ಷ ಮೊದಲು. ಅವಳ ಮಟ್ಟಿಗೆ ಚರ್ಚಿನ ಪುಸ್ತಕವೇ ಗತಿ. ಅದು ಹೆಚ್ಚು ಕಷ್ಟವಾಗಲಿಲ್ಲ. ಅವಳ ತಾಯಿಗೆ ಚರ್ಚಿನಲ್ಲಿ ಬ್ಯಾಪ್ಟಿಸಂ (ದೀಕ್ಷಾಸ್ನಾನ) ಮಾಡಿದ ದಾಖಲೆ ಕೂಡ ಸಿಕ್ಕಿತು, 1851ರದ್ದು. ಇಂಗ್ಲೆಂಡಿನ ಚರ್ಚು ಜಮೈಕಾದಲ್ಲಿ ಇಟ್ಟ ಪುಸ್ತಕಗಳ ನಕಲು 1664ರಿಂದ 1880ರವರೆಗೆ ಉಳಿದಿವೆ, ಪುಣ್ಯ. ಆ 1851ರ ಸಾಲಿನಲ್ಲಿ ಮಗುವಿನ ತಾಯಿಯ ಹೆಸರಿನ ಮೇಲೆ ಸಾಹೇಬರು ಬೆರಳಿಟ್ಟು, ಇನ್ನೊಂದು ಕೈಯಿಂದ ರಸೀದಿ ಎತ್ತಿದರು. ಅದೇ ಹೆಸರು, ಅದೇ ಮನೆತನದ ಹೆಸರು. ಕಂದಾಯದ ಹೆಂಗಸು ಸಿಕ್ಕಿದಳು. ಗೋರಿಗಳತ್ತ ಗಲ್ಲ ತೋರಿಸಿದ ಅಜ್ಜಿಗೆ ಅವಳು ಅಜ್ಜಿಯ ಅಮ್ಮ.

ಆದರೆ ಪ್ಯಾರಿಷ್ ಅನ್ನುವ ಕಡೆ 'ಮೆಟ್ಕಾಫ್' ಅಂತಿತ್ತು.   ಜಮೈಕಾದ ಈಗಿನ ಪ್ಯಾರಿಷ್‌ಗಳಲ್ಲಿ ಮೆಟ್ಕಾಫ್ ಇಲ್ಲ.

ಇಬ್ಬರು ಭಾರತದ ಅಧಿಕಾರಿಗಳು

ಇಲ್ಲಿ ನನ್ನ ಪಿಯುಸಿ ಇತಿಹಾಸ ಒಮ್ಮೆ ಕೆಲಸಕ್ಕೆ ಬಂತು. ಚಾರ್ಲ್ಸ್ ಮೆಟ್ಕಾಫ್ ಅಂದರೆ 1835ರಲ್ಲಿ ಭಾರತದ ಹಂಗಾಮಿ ಗವರ್ನರ್ ಜನರಲ್ ಆಗಿದ್ದಾಗ ಪತ್ರಿಕೆಗಳ ಮೇಲಿನ ನಿರ್ಬಂಧ ತೆಗೆದವನು. ಆಮೇಲೆ ಅವನನ್ನು ಜಮೈಕಾಕ್ಕೆ ಗವರ್ನರ್ ಮಾಡಿ ಕಳಿಸಿದರು, 1839ರಲ್ಲಿ. ಅವನಿದ್ದಾಗ, 1841ರಲ್ಲಿ, ಸೇಂಟ್ ಮೇರಿಯಿಂದ ಒಂದಿಷ್ಟು, ಸೇಂಟ್ ಜಾರ್ಜ್‌ನಿಂದ ಒಂದಿಷ್ಟು ಕತ್ತರಿಸಿ ಹೊಸ ಪ್ಯಾರಿಷ್ ಮಾಡಿ ಅವನ ಹೆಸರಿಟ್ಟರು. ಅನ್ನಾಟೊ ಬೇ ಅದರ ಮುಖ್ಯ ಪಟ್ಟಣ.

ಅದನ್ನು ಅಳಿಸಿದವನೂ ಭಾರತದಿಂದಲೇ ಹೋದವನು. ಜಾನ್ ಪೀಟರ್ ಗ್ರಾಂಟ್, ನೀಲಿ ಬೆಳೆಯುತ್ತಿದ್ದ ರೈತರ ದಂಗೆಯ ಕಾಲದಲ್ಲಿ ಬಂಗಾಳದ ಲೆಫ್ಟಿನೆಂಟ್ ಗವರ್ನರ್. ಜಮೈಕಾದಲ್ಲಿ ನಡೆದ 1865ರ ಮೊರಾಂಟ್ ಬೇ ದಂಗೆಯ ನಂತರ ಅವನನ್ನು ಅಲ್ಲಿಗೆ ಗವರ್ನರ್ ಮಾಡಿ ಕಳಿಸಿದರು. 1867ರಲ್ಲಿ ಅವನು 22 ಪ್ಯಾರಿಷ್‌ಗಳನ್ನು 14 ಮಾಡಿದ. ಮೆಟ್ಕಾಫ್ ಸೇಂಟ್ ಮೇರಿಗೆ ಸೇರಿತು. ಸೇಂಟ್ ಜಾರ್ಜ್ ಹೆಸರೇ ಹೋಗಿ ಪೋರ್ಟ್‌ಲ್ಯಾಂಡ್‌ನೊಳಗೆ ಕರಗಿತು.

ಹಾಗಾಗಿ ಗೋರಿಗಳು ಇದ್ದಲ್ಲೇ ಇದ್ದರೂ ವಿಳಾಸ ಬದಲಾಗುತ್ತಾ ಹೋಯಿತು. 1957ರ ರಸೀದಿಯಲ್ಲಿ ಸೇಂಟ್ ಮೇರಿ, 1851ರಲ್ಲಿ ಮೆಟ್ಕಾಫ್, ಅದಕ್ಕೂ ಹಿಂದೆ ಸೇಂಟ್ ಮೇರಿ ಇಲ್ಲವೇ ಸೇಂಟ್ ಜಾರ್ಜ್. ಹಳೆಯ ರಿಜಿಸ್ಟರುಗಳೆಲ್ಲ ಪ್ಯಾರಿಷ್ ಪ್ರಕಾರ ಇರುವುದರಿಂದ ಇದು ಸಣ್ಣ ವಿಷಯವಲ್ಲ. ಹೊಸ ತಾಲ್ಲೂಕು ಮಾಡಿದ ಮೇಲೆ ಹಳೇ ಕಡತ ಯಾವ ಕಚೇರಿಯಲ್ಲಿದೆ ಅಂತ ಅಲೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನನಗೊಂದು ಆಸೆಯೂ ಇತ್ತು. 1845ರಿಂದ ಕೂಲಿ ಕರಾರಿನ ಮೇಲೆ ಸುಮಾರು 36,000 ಭಾರತೀಯರು ಜಮೈಕಾಕ್ಕೆ ಹೋಗಿದ್ದರು. ಇವರ ವಂಶದಲ್ಲೂ ಒಬ್ಬ ಸಿಕ್ಕಿಬಿಟ್ಟರೆ ಅಂತ. ಸಿಗಲಿಲ್ಲ. ಗವರ್ನರುಗಳಲ್ಲೇ ತೃಪ್ತಿಪಟ್ಟುಕೊಂಡೆ.

ಎಂಟು ತಿಂಗಳು ದಂಡ

ಇಲ್ಲಿ ಸಾಹೇಬರು ತಮ್ಮ ಮಾತನ್ನು ತಾವೇ ಮರೆತರು. ಗುಲಾಮಗಿರಿ ರದ್ದು ಮಾಡಿದ 1833ರ ಕಾಯ್ದೆಯ ಪ್ರಕಾರ ಬ್ರಿಟಿಷ್ ಸರ್ಕಾರ 2 ಕೋಟಿ ಪೌಂಡ್ ಪರಿಹಾರ ಕೊಟ್ಟಿತು. ಗುಲಾಮರಿಗಲ್ಲ, ಅವರ ಮಾಲೀಕರಿಗೆ. ಯಾರಿಗೆ ಎಷ್ಟು ಸಿಕ್ಕಿತು ಅನ್ನುವುದನ್ನು ಯೂನಿವರ್ಸಿಟಿ ಕಾಲೇಜ್ ಲಂಡನ್ ಆನ್‌ಲೈನ್‌ನಲ್ಲಿ ಹುಡುಕುವಂತೆ ಇಟ್ಟಿದೆ. ಸಾಹೇಬರು ರಸೀದಿಯ ಹೆಂಗಸಿನ ಮನೆತನದ ಹೆಸರು ಹಾಕಿ ಹುಡುಕಿದರು. ಸೇಂಟ್ ಮೇರಿಯಲ್ಲಿ ಅದೇ ಹೆಸರಿನ ಮಾಲೀಕ ಸಿಕ್ಕಿದ. ಅವನ ಮದುವೆ, ಉಯಿಲು, ಇಂಗ್ಲೆಂಡಿನ ಮನೆ, ಎಲ್ಲ ಹುಡುಕಿ ಒಂದು ಫೈಲು ದಪ್ಪ ಮಾಡಿದರು. ಎಂಟು ತಿಂಗಳು.

ಪೂರ್ತಿ ತಪ್ಪು ಮನುಷ್ಯ. ಗುಲಾಮರ ಮನೆತನದ ಹೆಸರು ಮಾಲೀಕನದ್ದೇ ಆಗಬೇಕಂತಿಲ್ಲ. ಬ್ಯಾಪ್ಟಿಸಂ ಹೊತ್ತಿಗೆ ಹಿಂದಿನ ಮಾಲೀಕನದ್ದು, ಮೇಸ್ತ್ರಿಯದ್ದು, ಪಾದ್ರಿಯದ್ದು, ಇಲ್ಲ ತಮಗೇ ಇಷ್ಟವಾದದ್ದು, ಯಾವುದನ್ನು ಬೇಕಾದರೂ ತೆಗೆದುಕೊಳ್ಳುತ್ತಿದ್ದರು. ಅದಕ್ಕಿಂತ ಮುಖ್ಯವಾಗಿ, ಪರಿಹಾರದ ಕಾಗದ ದುಡ್ಡು ಪಡೆಯುವವನಿಗಾಗಿ ಅಚ್ಚಾದದ್ದು. ಅದರಲ್ಲಿ ಮಾಲೀಕನಿಗೆ ಹೆಸರಿರುತ್ತದೆ, ಗುಲಾಮರಿಗೆ ಸಂಖ್ಯೆ. "36 ವರ್ಷ ಬೇರೆಯವರಿಗೆ ಹೇಳಿದ್ದನ್ನೇ ನಾನು ಮಾಡಲಿಲ್ಲ ನೋಡು" ಅಂತ ಫೈಲನ್ನು ನನ್ನ ಮುಂದೆ ದೂಡಿದರು. ಅದಕ್ಕೂ ನಂಬರ್ ಹಾಕಿದ್ದರು.

ಆ ಪರಿಹಾರಕ್ಕಾಗಿ ಸರ್ಕಾರ ಮಾಡಿದ ಸಾಲ ಪೂರ್ತಿ ತೀರಿದ್ದು 2015ರಲ್ಲಿ. ಅಂದರೆ ನೌಕರಿಯಲ್ಲಿದ್ದ ಅಷ್ಟೂ ವರ್ಷ ಸಾಹೇಬರ ಸಂಬಳದಿಂದ ಹಿಡಿದ ತೆರಿಗೆ ಅದಕ್ಕೂ ಹೋಗಿದೆ. ಇದನ್ನು ಅವರು ಒಂದೇ ಸಲ ಹೇಳಿದರು, ಚಹಾಕ್ಕೆ ಸಕ್ಕರೆ ಹಾಕುತ್ತಾ.

ಮತ್ತೆ ರಸೀದಿಗೇ ಬಂದರು. ಹೆಂಗಸಿನ ಹೆಸರು ಬಿಟ್ಟು ಜಾಗದ ಹೆಸರು ಹಿಡಿದರು. ಜಮೀನು ಯಾವುದೋ ಎಸ್ಟೇಟಿನಿಂದ ಕತ್ತರಿಸಿದ ತುಂಡೇ ಇರಬೇಕಲ್ಲ? ಹಳೆಯ ಜಮೈಕಾ ಅಲ್ಮನಾಕ್‌ಗಳಲ್ಲಿ, ಅಂದರೆ ವರ್ಷ ವರ್ಷ ಅಚ್ಚಾಗುತ್ತಿದ್ದ ಮಾಹಿತಿ ಪುಸ್ತಕಗಳಲ್ಲಿ, ಪ್ರತಿ ಪ್ಯಾರಿಷ್‌ನ ಎಸ್ಟೇಟುಗಳ ಪಟ್ಟಿ ಹಾಕುತ್ತಿದ್ದರು. ಮಾಲೀಕನ ಹೆಸರು, ಎಸ್ಟೇಟಿನ ಹೆಸರು, ಮುಂದೆ ಎರಡು ಅಂಕಿ. ಮೊದಲ ಅಂಕಿ ಗುಲಾಮರು. ಎರಡನೆಯದು ದನಕರು. ರಸೀದಿಯಲ್ಲಿದ್ದ ಜಾಗದ ಹೆಸರು ಸೇಂಟ್ ಮೇರಿಯ ಪಟ್ಟಿಯಲ್ಲಿರಲಿಲ್ಲ. ಸೇಂಟ್ ಜಾರ್ಜ್‌ನಲ್ಲಿತ್ತು.

1829ರ ಸಾಲು

ಈಗ ನೋಡಬೇಕಾದದ್ದು ಗುಲಾಮರ ರಿಜಿಸ್ಟರು. 1807ರಲ್ಲಿ ಬ್ರಿಟನ್ ಗುಲಾಮರ ವ್ಯಾಪಾರ ನಿಲ್ಲಿಸಿತು, ಗುಲಾಮಗಿರಿಯನ್ನಲ್ಲ. ಕದ್ದು ಹೊಸಬರನ್ನು ತರಿಸುತ್ತಾರೇನೋ ಅನ್ನುವ ಅನುಮಾನಕ್ಕೆ ಪ್ರತಿ ಮಾಲೀಕನೂ ತನ್ನಲ್ಲಿರುವವರ ಪಟ್ಟಿ ಕೊಡಬೇಕು ಅಂತಾಯಿತು. ಜಮೈಕಾದಲ್ಲಿ ಮೊದಲ ಪಟ್ಟಿ 1817ರ ಜೂನ್ 28ಕ್ಕೆ, ಆಮೇಲೆ ಮೂರು ವರ್ಷಕ್ಕೊಮ್ಮೆ. ಮೊದಲ ಪಟ್ಟಿಯಲ್ಲಿ ಎಲ್ಲರೂ ಇದ್ದಾರೆ: ಹೆಸರು, ಬಣ್ಣ, ವಯಸ್ಸು, ಆಫ್ರಿಕನ್ನೋ ಕ್ರಿಯೋಲೋ, ಅಂದರೆ ಅಲ್ಲಿಂದ ತಂದವರೋ ಇಲ್ಲೇ ಹುಟ್ಟಿದವರೋ. ನಂತರದ ಪಟ್ಟಿಗಳಲ್ಲಿ ಹೆಚ್ಚಾದವರು, ಕಡಿಮೆಯಾದವರು ಮಾತ್ರ. ಲಂಡನ್ನಿಗೆ ಬಂದ ಪ್ರತಿಗಳು ಕ್ಯೂನಲ್ಲಿವೆ.

ಹೆಚ್ಚಾದ ಮಗುವಿನ ಮುಂದೆ ಎಷ್ಟೋ ಕಡೆ ತಾಯಿಯ ಹೆಸರಿರುತ್ತದೆ. ನಾನು ಇದನ್ನು ಸ್ವಲ್ಪ ಕರುಣೆ ಅಂದುಕೊಂಡಿದ್ದೆ. ಸಾಹೇಬರು ಬೇರೆ ಥರ ಓದಿದರು. "ಈ ಮಗು ಕದ್ದು ತಂದದ್ದಲ್ಲ, ನನ್ನಲ್ಲೇ ಹುಟ್ಟಿದ್ದು ಅನ್ನುವುದಕ್ಕೆ ಪುರಾವೆ ಅದು. ಬಿಲ್ ಲಗತ್ತಿಸಿದ ಹಾಗೆ." ತಂದೆಯ ಹೆಸರು ಅವರಿಗೆ ಬೇಕಿರಲಿಲ್ಲ. ತಾಯಿ ಗುಲಾಮಳಾದರೆ ಮಗುವೂ ಗುಲಾಮ, ಕಾನೂನಿಗೆ ಅಷ್ಟು ಸಾಕಿತ್ತು. ಎರಡು ಶತಮಾನ ಕಳೆದ ಮೇಲೆ ಸಾಹೇಬರಿಗೆ ತಾಯಿಯಿಂದ ತಾಯಿಗೆ ಹೋಗುವ ದಾರಿ ಉಳಿದದ್ದು ಆ ಲೆಕ್ಕಾಚಾರದಿಂದ.

ಆ ಎಸ್ಟೇಟಿನ 1829ರ ಪಟ್ಟಿಯಲ್ಲಿ ರಸೀದಿಯ ಹೆಂಗಸಿನ ಮೊದಲ ಹೆಸರು ಇತ್ತು. ಒಂದಲ್ಲ, ಎರಡು ಸಲ. ಒಂದೇ ಹೆಸರಿನ ಎರಡು ಹೆಣ್ಣು ಮಕ್ಕಳು, ಇಬ್ಬರಿಗೂ ಎರಡು ವರ್ಷ, ಬೇರೆ ಬೇರೆ ತಾಯಂದಿರು. ಮನೆತನದ ಹೆಸರು ಯಾರಿಗೂ ಇಲ್ಲ.

1832ರ ಪಟ್ಟಿಯನ್ನು ಓದಿದ್ದು ನಾನು. ಕಡಿಮೆಯಾದವರ ಕೆಳಗೆ ಆ ಹೆಸರು, ಐದು ವರ್ಷ, ಮುಂದೆ 'ಮರಣ'. ತಾಯಿಯ ಹೆಸರೂ ಇದ್ದುದರಿಂದ ಯಾವ ಮಗು ಅಂತ ಗೊತ್ತಾಯಿತು. ಉಳಿದವಳು ಇನ್ನೊಬ್ಬಳು. ರಸೀದಿಯ ಹೆಂಗಸು 1897ರಲ್ಲಿ ತೀರಿಕೊಂಡಾಗ ಮರಣ ನೋಂದಣಿಯಲ್ಲಿ 'ಸುಮಾರು 70 ವರ್ಷ' ಅಂತ ಬರೆಸಿದ್ದಾರೆ, ಅದೇ ಜಾಗದಲ್ಲಿ. ಬರೆಸಿದವಳು ಮೊಮ್ಮಗಳು. ಅಲ್ಲೂ ಗುಣಿಸುವ ಗುರುತು. ಲೆಕ್ಕ 1827ಕ್ಕೆ ಕೂಡಿಬರುತ್ತದೆ.

ಆದರೂ ಸಾಹೇಬರು 'ಸಾಬೀತಾಗಿದೆ' ಅಂತ ಬರೆಯಲಿಲ್ಲ. 'ಬಹುಮಟ್ಟಿಗೆ ಸರಿ' ಅಂತ ಬರೆದರು. ನನಗೆ ಅದು ಜಾಸ್ತಿ ಜಿಪುಣತನ ಅನ್ನಿಸಿತು. ಆದರೆ ಅವರ ವಂಶವೃಕ್ಷದ ಹಾಳೆಯಲ್ಲಿ ಸತ್ತ ಮಗುವಿಗೂ ಒಂದು ಚೌಕ ಇದೆ. ಯಾರಿಗೂ ಗೆರೆ ಎಳೆಯದ ಚೌಕ. ಅದನ್ನು ನೋಡಿದ ಮೇಲೆ ನಾನು ವಾದ ಮಾಡಲಿಲ್ಲ.

ಇನ್ನೊಂದು ಲೆಕ್ಕ. 1834ರ ಆಗಸ್ಟ್ 1ಕ್ಕೆ ಆರು ವರ್ಷದೊಳಗಿನ ಮಕ್ಕಳು ನೇರ ಬಿಡುಗಡೆಯಾದರು. ಉಳಿದವರು 'ಅಪ್ರೆಂಟಿಸ್' ಅನ್ನುವ ಹೆಸರಿನಲ್ಲಿ ಇನ್ನೂ ನಾಲ್ಕು ವರ್ಷ ವಾರಕ್ಕೆ 40 ಗಂಟೆಗೂ ಮೇಲೆ ಬಿಟ್ಟಿ ದುಡಿಯಬೇಕಾಯಿತು. ಈ ಹುಡುಗಿಗೆ ಆಗ ಏಳು.

ಶುಕ್ರವಾರದವಳು

ಉಳಿದ ಮಗುವಿನ ತಾಯಿಯದ್ದು ವಾರದ ಹೆಸರು. ಪಶ್ಚಿಮ ಆಫ್ರಿಕಾದ ಅಕಾನ್ ಜನ ಹುಟ್ಟಿದ ವಾರದ ಹೆಸರಿಡುತ್ತಾರೆ. ಜಮೈಕಾದ ರಿಜಿಸ್ಟರುಗಳಲ್ಲಿ ಅದು ಹೆಂಗಸರಿಗೆ ಭಾನುವಾರದಿಂದ ಹೀಗೆ ಬರುತ್ತದೆ: ಕ್ವಾಶೆಬಾ, ಜೂಬಾ, ಬೆನೆಬಾ, ಕೂಬಾ, ಆಬಾ, ಫಿಬಾ, ಮಿಂಬಾ. ಇವಳು ಶುಕ್ರವಾರದವಳು.

ನಾನು ಪೆನ್ನು ಕೆಳಗಿಟ್ಟೆ. ತುಳುನಾಡಿನಲ್ಲೂ ಇದೇ ಇದೆ. ಐತ, ಸೋಮ, ಅಂಗಾರ, ಬೂದ, ಗುರುವ, ತುಕ್ರ, ತನಿಯ. ಯಾವ ಮನೆಗಳಲ್ಲಿ ಈ ಹೆಸರಿಡುತ್ತಿದ್ದರು, ಯಾರ ತೋಟದಲ್ಲಿ ದುಡಿಯುತ್ತಿದ್ದರು ಅಂತ ನಮ್ಮ ಕಡೆಯವರಿಗೆ ಗೊತ್ತು. ನಮ್ಮ ಅಜ್ಜನ ಲೆಕ್ಕದ ಪುಸ್ತಕದಲ್ಲಿ 'ತುಕ್ರ, ಎರಡು ಸೇರು ಅಕ್ಕಿ' ಅಂತ ಪುಟಗಟ್ಟಲೆ ಇತ್ತು. ಅವನ ಅಪ್ಪ ಅಮ್ಮನ ಹೆಸರು ಎಲ್ಲೂ ಇರಲಿಲ್ಲ. ಸಾಹೇಬರಿಗೆ ಇದನ್ನೂ ಹೇಳಿದೆ. "ಆ ಪುಸ್ತಕ ಈಗ ಎಲ್ಲಿದೆ?" ಅಂತ ಕೇಳಿದರು. ಗೆದ್ದಲು ತಿಂದಿತ್ತು ಅಂದೆ. "ಛೆ" ಅಂದರು, ಅಷ್ಟೇ.

1817ರ ಪಟ್ಟಿಯಲ್ಲಿ ಶುಕ್ರವಾರದವಳಿಗೆ 26 ವರ್ಷ. ಮುಂದಿನ ಕಾಲಂನಲ್ಲಿ 'ಆಫ್ರಿಕನ್'. ಅಂದರೆ ವ್ಯಾಪಾರ ನಿಲ್ಲುವ ಮೊದಲು, ಹೆಚ್ಚೆಂದರೆ ಹದಿನಾರು ಹದಿನೇಳರ ಹುಡುಗಿಯಾಗಿದ್ದಾಗ, ಹಡಗಿನಲ್ಲಿ ಬಂದವಳು. ಹಾಗಾದರೆ ಅಕಾನ್ ಜನ, ಇವತ್ತಿನ ಘಾನಾ, ಅಂತ ನಾನು ಖುಷಿಯಲ್ಲಿ ಹೇಳಿಬಿಟ್ಟೆ. ಸಾಹೇಬರು ಇಲ್ಲ ಅಂತ ತಲೆಯಾಡಿಸಿದರು. ಆ ಹೆಸರುಗಳು ಜಮೈಕಾದಲ್ಲಿ ಎಲ್ಲರಿಗೂ ಬಳಕೆಯಾಗಿದ್ದವು, ಎಲ್ಲಿಂದಲೋ ಬಂದವಳಿಗೆ ಇಲ್ಲಿ ಇಟ್ಟಿರಬಹುದು. ಆ ಚೌಕದಲ್ಲಿ ಅವರು ಬರೆದದ್ದು ಇಷ್ಟೇ: 'ಆಫ್ರಿಕಾ. ಹೆಸರು ಇಲ್ಲಿ ಸಿಕ್ಕದ್ದಿರಬಹುದು.' ಹುಡುಕಾಟವನ್ನೂ ಅಲ್ಲಿಗೇ ನಿಲ್ಲಿಸಿದರು.

ಜಮೈಕಾದಲ್ಲಿ ಕಂದಾಯದ ವರ್ಷ ಏಪ್ರಿಲ್ 1ಕ್ಕೆ ಶುರು. ಈಗ ಆನ್‌ಲೈನ್‌ನಲ್ಲೇ ಕಟ್ಟಬಹುದು. ಮುಂಚೆ ಅನ್ನಾಟೊ ಬೇಯಲ್ಲಿದ್ದ ಚಿಕ್ಕಮ್ಮನ ಮಗಳು ಕಟ್ಟುತ್ತಿದ್ದಳು, ಈ ವರ್ಷದಿಂದ ಸಾಹೇಬರು. ಕಾರ್ಡಿನ ನಂಬರ್ ಅವರು ಓದಿದರು, ನಾನು ಒತ್ತಿದೆ. ಖಾತೆಯಲ್ಲಿ ಇನ್ನೂ ಅದೇ ಹೆಂಗಸಿನ ಹೆಸರು.

"ಈಗ ಎಲ್ಲ ಕಾಗದ ಇದೆಯಲ್ಲ, ಹೆಸರು ಬದಲಾಯಿಸಬಹುದಲ್ವಾ?" ಅಂತ ಕೇಳಿದೆ.

"ಯಾರ ಹೆಸರಿಗೆ?" ಅಂದರು. "ಪ್ರಿಂಟ್ ತೆಗಿ. ಎರಡು ಪ್ರತಿ."